ಹೊಟ್ಟೆ ನಯಮಾಡಿದ ವಿಮಾನ

ನನ್ನ ಯಜಮಾನರು ತೀರಿಕೊಂಡು ಮೂರು ತಿಂಗಳಾಗುತ್ತ ಬಂದರೂ ನಾನು ಅತ್ತಿರಲಿಲ್ಲ. ಅಳದ ಹೆಂಗಸನ್ನು ಕಂಡರೆ ಊರಿಗೆ ಸಮಾಧಾನವಿರುವುದಿಲ್ಲ. ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತ ಕೂತು, ಚಹಾ ಕುಡಿದು, "ಗಟ್ಟಿ ಹೆಂಗ್ಸು" ಎಂದು ಹೇಳಿ ಹೋಗುತ್ತಿದ್ದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಬೆಳಿಗ್ಗೆ ಅವರ್ಸಾದಲ್ಲಿ ಬಸ್ಸು ಹತ್ತಿ ಕಾರವಾರದ ಕಚೇರಿಗೆ ಹೋಗುತ್ತಿದ್ದೆ, ಸಂಜೆ ಬಂದು ಬಂಗಡೆ ಸಾರು ಮಾಡುತ್ತಿದ್ದೆ. ಉಪ್ಪು ಹಾಕಿದ್ದೇನೋ ಇಲ್ಲವೋ ಎಂಬುದನ್ನು ಮಗಳ ಮುಖ ನೋಡಿ ತಿಳಿದುಕೊಳ್ಳಬೇಕಾಗಿತ್ತು.

ಮಗಳು ಅಂಕೋಲೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅವಳ ಲ್ಯಾಪ್‌ಟಾಪಿನಲ್ಲಿ ವಿಮಾನ ಕಟ್ಟುವ ಒಂದು ಆಟವಿದೆ. ರೆಕ್ಕೆ, ಎಂಜಿನ್ನು, ಒಡಲು ಎಲ್ಲವನ್ನೂ ತುಂಡು ತುಂಡಾಗಿ ಜೋಡಿಸಿ ಹಾರಿಸಿ ನೋಡಬೇಕು. ತಪ್ಪು ಕಟ್ಟಿದರೆ ಬೀಳುತ್ತದೆ. ಯಜಮಾನರು ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಅರಬೈಲು ಘಟ್ಟದಲ್ಲಿ ಲಾರಿಗಳ ಸಾಲಿನಲ್ಲಿ ಸಿಕ್ಕಿಬಿದ್ದು ಬಂದ ದಿನವೆಲ್ಲ, "ಈ ಲೋಡನ್ನ ನೀರ್ ಮೇಲಿಂದ ಹಾರ್ಸ್ಕಂಡ್ ಹೋಗೂಕೆ ಆಗಿದ್ರೆ" ಎಂದು ಗೊಣಗುತ್ತಿದ್ದರು. ಆ ಮಾತನ್ನೇ ಹಿಡಿದು ಮಗಳು ನೀರಿನಿಂದ ಏಳುವ, ನೀರಿಗೇ ಇಳಿಯುವ ಸಾಮಾನು ವಿಮಾನವೊಂದನ್ನು ಶುರುಮಾಡಿದಳು. ಅವರ ಷರತ್ತು ಒಂದೇ: ತಮ್ಮ ಲಾರಿಯಷ್ಟೇ ಭಾರ, ಹದಿನಾರು ಟನ್ನು, ಅದು ಎತ್ತಬೇಕು. ರಜೆಯ ದಿನ ಅಪ್ಪ ಮಗಳು ಜಗಲಿಯಲ್ಲಿ ತಲೆಗೆ ತಲೆ ಹಚ್ಚಿ ಕೂತಿರುತ್ತಿದ್ದರು. ನಾನು ಒಳಗಿಂದಲೇ, "ಎಂತಾ, ಇವತ್ತಾದ್ರೂ ಹಾರ್ತದ್ಯೋ, ಇಲ್ಲಾ ಅನ್ನ ಬಡಿಸ್ಲೋ?" ಎಂದು ಕೆಣಕುತ್ತಿದ್ದೆ. ಒಮ್ಮೆಯೂ ಹೋಗಿ ನೋಡಲಿಲ್ಲ.

ಅವರು ಹೋದದ್ದು ರಸ್ತೆಯಲ್ಲಲ್ಲ. ಮನೆಯಲ್ಲೇ, ಬಚ್ಚಲಿನ ಬಾಗಿಲಲ್ಲಿ, ಎದೆ ಹಿಡಿದುಕೊಂಡು. ಆಮೇಲೆ ಮಗಳೂ ನಾನೂ ಬೇಕಾದಷ್ಟೇ ಮಾತಾಡುತ್ತಿದ್ದೆವು. "ಛತ್ರಿ ತಕಂಡ್ಯಾ?" "ಹ್ಞೂಂ." ಅಷ್ಟಕ್ಕೆ ಮುಗಿಯುತ್ತಿತ್ತು.

ಒಂದು ಭಾನುವಾರ ಅವಳು ಲ್ಯಾಪ್‌ಟಾಪನ್ನು ತೆರೆದೇ ಇಟ್ಟು ಬೊಬ್ರುವಾಡದ ಗೆಳತಿಯ ಮನೆಗೆ ಹೋಗಿದ್ದಳು. ಕಸ ಗುಡಿಸಲು ಹೋದವಳು ನೋಡಿದೆ. ವಿಮಾನವನ್ನು ಮಗುಚಿ ಇಟ್ಟಿದ್ದಳು. ಥೇಟ್ ದೋಣಿಯ ಹೊಟ್ಟೆ. ನನ್ನ ತವರು ಹಣಕೋಣ. ಅಪ್ಪ ಕಾಳಿ ನದಿಗೆ ದೋಣಿ ಕಟ್ಟುತ್ತಿದ್ದವನು. ಕೆಲಸ ಮುಗಿದ ಮೇಲೆ ದೋಣಿಯನ್ನು ಮಗುಚಿ ಹಾಕಿ, ಕಣ್ಣು ಮುಚ್ಚಿ, ಮೂತಿಯಿಂದ ಹಿಂಬದಿಯವರೆಗೆ ಅಂಗೈ ಸವರಿಕೊಂಡು ಹೋಗುತ್ತಿದ್ದ. ಕೂದಲೆಳೆಯಷ್ಟು ತಡೆ ಸಿಕ್ಕಿದರೂ ಮತ್ತೆ ಉಜ್ಜುತ್ತಿದ್ದ. "ನೀರ್ಗೆ ಹಿಡ್ಕಣೂಕೆ ಎಂತದೂ ಸಿಗಬಾರ್ದು" ಎನ್ನುತ್ತಿದ್ದ.

ಈ ವಿಮಾನದ ಹೊಟ್ಟೆಯಲ್ಲಿ, ನಡುವಿಗಿಂತ ತುಸು ಹಿಂದೆ, ಅಡ್ಡಲಾಗಿ ಒಂದು ಮೆಟ್ಟಿಲಿತ್ತು. ಯಾರೋ ಹಲಗೆಗಳನ್ನು ಸರಿಯಾಗಿ ಕೂರಿಸದೆ ಬಿಟ್ಟ ಹಾಗಿತ್ತು. ನನಗೆ ಸಿಟ್ಟು ಬಂತು. ಅಷ್ಟು ದಿನಗಳಲ್ಲಿ ಬಂದ ಮೊದಲ ಸಿಟ್ಟು. ಪೊರಕೆ ಬದಿಗಿಟ್ಟು, ಕಚೇರಿಯಲ್ಲಿ ಕಲಿತ ಮೌಸಿನ ವಿದ್ಯೆಯಿಂದ ತುಂಡುಗಳನ್ನು ಒಂದೊಂದಾಗಿ ಎಳೆದು ಆ ಮೆಟ್ಟಿಲನ್ನು ಮುಚ್ಚಿದೆ. ಒಂದು ತಾಸು ಹಿಡಿಯಿತು. ಕೊನೆಗೆ ಪರದೆಯ ಮೇಲೆ ಬೆರಳು ಸವರಿ ನೋಡಿ, ಸೇವ್ ಒತ್ತಿ ಎದ್ದೆ. ಮಗಳಿಗೆ ಹೇಳಲಿಲ್ಲ.

ಮರುದಿನದಿಂದ ಅವಳು ಪ್ರತಿ ಸಂಜೆ ಅದನ್ನು ನೀರಿಗಿಳಿಸತೊಡಗಿದಳು. ನಾಲ್ಕೂ ಎಂಜಿನ್ನುಗಳು ಕೂಗುತ್ತಿದ್ದವು, ವಿಮಾನ ನೀರು ಸೀಳಿಕೊಂಡು ಓಡುತ್ತಿತ್ತು, ಓಡಿ ಓಡಿ ಆಟದ ಕಡಲು ಮುಗಿದು ದಡಕ್ಕೆ ಬಡಿಯುತ್ತಿತ್ತು. ಅವಳು ಏನನ್ನೂ ಬದಲಿಸದೆ ಮತ್ತೆ ಮೊದಲಿಂದ ಓಡಿಸುತ್ತಿದ್ದಳು. ನಾನು ಈರುಳ್ಳಿ ಹೆಚ್ಚುತ್ತ ನೋಡುತ್ತಿದ್ದೆ. ಹತ್ತೋ ಹನ್ನೆರಡೋ ದಿನ ಹೀಗೇ ಹೋಯಿತು. ಕೊನೆಗೆ ತಡೆಯಲಾರದೆ ಕೇಳಿದೆ.

"ಅದು ಎಂತಕೆ ಏಳ್ತಿಲ್ಲ?"

ಅವಳು ತಟ್ಟನೆ ನನ್ನ ಕಡೆ ತಿರುಗಿದಳು. "ನೀರು ಬಿಡ್ತಿಲ್ಲ, ಆಯಿ. ಬಾ, ತೋರಿಸ್ತೆ."

ಅಡುಗೆಮನೆಯ ನಲ್ಲಿ ಬಿಟ್ಟು, ಸೌಟಿನ ಹಿಡಿಯ ತುದಿಯನ್ನು ನನ್ನ ಬೆರಳುಗಳಲ್ಲಿ ಸಡಿಲವಾಗಿ ಹಿಡಿಸಿ, ಅದರ ಉಬ್ಬಿದ ಬೆನ್ನನ್ನು ನೀರಿನ ಧಾರೆಗೆ ತಾಗಿಸಿದಳು. ನೀರು ಅದನ್ನು ಆಚೆ ದೂಡುತ್ತದೆ ಅಂದುಕೊಂಡಿದ್ದೆ. ಇಲ್ಲ, ಒಳಕ್ಕೆ ಎಳೆದುಕೊಂಡಿತು. ಇಷ್ಟು ವರ್ಷ ಪಾತ್ರೆ ತೊಳೆದ ಕೈಗೆ ಇದು ಗೊತ್ತೇ ಇರಲಿಲ್ಲ.

"ನುಣ್ಣಗಿದ್ದದ್ದನ್ನ ನೀರು ಹೀಂಗೇ ಹಿಡ್ಕಳ್ತದೆ. ಹೊಟ್ಟೇಲಿ ಒಂದು ಮೆಟ್ಲು ಇದ್ರೆ ಅಲ್ಲಿ ನೀರು ಕಡ್ದು ಹೋಗ್ತದೆ, ಆಗ ಏಳೂಕೆ ಆಗ್ತದೆ," ಎಂದಳು. "ಆ ಮೆಟ್ಲು ಎಲ್ಲಿ ಬರ್ಬೇಕು ಅಂತ ಅಪ್ಪ ಹೇಳದ್ದು. ಲೋಡಿನ ನಡುವಿಂದ ಸ್ವಲ್ಪ ಹಿಂದೆ, ಲಾರಿ ಹಿಂದಿನ ಗಾಲಿ ಇರೂ ಜಾಗ್ದಲ್ಲಿ. ಅಪ್ಪನೇ ಕೂರ್ಸದ್ದು. ಹೋಗೂ ಹಿಂದಿನ ದಿನ."

ಸೌಟು ಇನ್ನೂ ನೀರಿಗೆ ಅಂಟಿಕೊಂಡೇ ಇತ್ತು.

"ಅದ್ನ ನಾನೇ ಮುಚ್ಚಿದ್ದು," ಎಂದೆ. "ದೋಣಿ ಅಂದ್ಕಂಡು ನಯ ಮಾಡ್ದೆ."

"ನಂಗೆ ಅವತ್ತೇ ಗೊತ್ತಾಗಿತ್ತು."

"ಮತ್ತೆ ಎಂತಕೆ ಸುಮ್ನಿದ್ದೆ? ತಿರ್ಗಿ ಸರಿ ಮಾಡೂಕೆ ಆಗ್ತಿರ್ಲಿಲ್ವಾ?"

"ಅಪ್ಪ ಮಾಡದ್ದರ ಒಂದು ಕಾಪಿ ಬೇರೆ ಇಟ್ಟಿದ್ದೆ. ಅದು ಹಾಂಗೇ ಇದೆ." ಅವಳು ನಲ್ಲಿ ನಿಲ್ಲಿಸಿದಳು. "ಮೂರು ತಿಂಗ್ಳಲ್ಲಿ ನೀನು ನಿನ್ನ ಮನ್ಸಿಂದ ಮಾಡದ್ದು ಅದೊಂದೇ ಕೆಲ್ಸ, ಆಯಿ. ಅದ್ನ ಹೆಂಗೆ ಅಳ್ಸೂದು?"

ಏಳುವುದಿಲ್ಲ ಎಂದು ಗೊತ್ತಿದ್ದೂ ಅವಳು ಅಷ್ಟು ದಿನ ಓಡಿಸಿದ್ದು ನನ್ನ ವಿಮಾನವನ್ನು. ನಾನು ಒಂದು ಮಾತು ಕೇಳಲಿ ಎಂದು. ನನಗೆ ನಾಚಿಕೆಯಾಯಿತು.

ಅನ್ನಕ್ಕೂ ಇಡದೆ ಜಗಲಿಯಲ್ಲಿ ಕೂತೆವು. ಅವಳು ಮೌಸನ್ನು ನನಗೇ ಕೊಟ್ಟಳು. ನಾನೇ ಮುಚ್ಚಿದ ಜಾಗವನ್ನು ನಾನೇ ಬಿಡಿಸಿ ಮೆಟ್ಟಿಲು ಕೂರಿಸಿದೆ. ಭಾರ ಎಷ್ಟು ಹಾಕಲಿ ಎಂದು ಕೇಳಿದಳು. ಹದಿನಾರು ಎಂದೆ. ವಿಮಾನ ಬಹಳ ದೂರ ಓಡಿತು. ಇದೂ ಅಷ್ಟೇ ಅಂದುಕೊಳ್ಳುವಾಗ ಹೊಟ್ಟೆಯಡಿ ನೀರು ಕಡಿದು, ಒಮ್ಮೆ ಕುಕ್ಕಿ, ಎದ್ದಿತು.

"ಹಾರ್ತು ನೋಡಿ!" ಎಂದು ಯಜಮಾನರು ಕೂರುತ್ತಿದ್ದ ಪಕ್ಕದ ಕುರ್ಚಿಗೆ ತಿರುಗಿ ಹೇಳಿಬಿಟ್ಟೆ. ಕುರ್ಚಿಯಲ್ಲಿ ಅವಳ ಕಾಲೇಜಿನ ಚೀಲವಿತ್ತು. ಆಗ ಅಳು ಬಂತು. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಲ್ಲುವಷ್ಟು ಜೋರಾಗಿ ಬಂತು. ನಾನು ಅತ್ತು ಮುಗಿಸುವವರೆಗೂ ಮಗಳು ವಿಮಾನವನ್ನು ಇಳಿಸಲಿಲ್ಲ.