ಬಡೇಸೋಪಿನ ವಾಸನೆ

ನಿನ್ನೆ ಮಧ್ಯಾಹ್ನ ನಮ್ಮ ಮನೆಯವರು ಪಕ್ಕದ ಗಲ್ಲಿಯ ಮದುವೆ ಊಟ ಮುಗಿಸಿ ಬಂದರು. ಬಾಗಿಲು ತೆಗೆದೆ ನೋಡಿ, ಬಡೇಸೋಪಿನ, ಅದೇ ಸೋಂಪುಕಾಳಿನ, ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬಾಗಿಲಿಗೆ ಅಡ್ಡ ನಿಂತುಬಿಟ್ಟೆ. ಮದುವೆ ಊಟದ ಮೇಲೆ ಬಡೇಸೋಪು ತಿನ್ನದವರು ಯಾರಿದ್ದಾರೆ, ನೀವೇ ಹೇಳಿ. ಆದರೆ ನನ್ನ ಮೂಗಿಗೆ ಬುದ್ಧಿ ಹೇಳುವವರು ಯಾರು? ಇವರು ಕಾರ್ಖಾನೆಯಿಂದ ನಿವೃತ್ತರಾಗಿ ಇನ್ನೂ ತಿಂಗಳಾಗಿಲ್ಲ. ಹಗಲೆಲ್ಲ ಕಟ್ಟೆಯ ಮೇಲೆ ಕೂತಿರುತ್ತಾರೆ. ಹಾಗೆ ಕೂತದ್ದನ್ನು ಕಂಡಾಗಿನಿಂದ ಈ ಮೂಗು ಹಳೆಯ ಕೆಲಸಕ್ಕೆ ಮತ್ತೆ ಹಾಜರಾಗಿಬಿಟ್ಟಿದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಲಬುರ್ಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಪುಣೆಯ ಹತ್ತಿರದ ಪಿಂಪ್ರಿಗೆ ಬಂದೆ. ಚಾಳಿನಲ್ಲಿ ಒಂದೇ ಕೋಣೆ, ಹೊರಗೆ ಸಾಲಾಗಿ ಎಲ್ಲರಿಗೂ ಸೇರಿದ ಕಟ್ಟೆ. ಇವರು ಲೇಥ್ ಮಷೀನಿನ ಮೇಲೆ ಕೆಲಸಕ್ಕಿದ್ದರು. ಸಂಜೆ ಬಂದರೆ ಮೈಯೆಲ್ಲ ಮಷೀನಿನ ಎಣ್ಣೆಯ ವಾಸನೆ. ಎಷ್ಟು ಸಾಬೂನು ತಿಕ್ಕಿದರೂ ಹೋಗುತ್ತಿರಲಿಲ್ಲ. ಇದೇನು ಗಂಡನೋ ಎಣ್ಣೆಯ ಗಾಣವೋ ಎಂದು ಹೊಸದರಲ್ಲಿ ಮೂಗು ಮುರಿದವಳು ನಾನು. ಆ ವಾಸನೆಗಾಗಿ ಕೈಮುಗಿದು ಕಾಯುವ ಕಾಲ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಇವರು ಟೆಂಪರರಿ. ಆಗಿನ ಪದ್ಧತಿ ಹೀಗಿತ್ತು: ಕೆಲವು ತಿಂಗಳು ದುಡಿಸಿಕೊಳ್ಳುವುದು, ಕಾಯಂ ಮಾಡಬೇಕಾದ ಹೊತ್ತು ಹತ್ತಿರ ಬಂತೆಂದರೆ ಮನೆಗೆ ಕಳಿಸುವುದು, ಸ್ವಲ್ಪ ದಿನ ಬಿಟ್ಟು ಹೊಸಬನನ್ನು ಕರೆದ ಹಾಗೆ ಮತ್ತೆ ಕರೆಯುವುದು. ಆ ನಡುವಿನ ದಿನಗಳಿಗೆ ಬ್ರೇಕ್ ಎಂದು ಹೆಸರು. ಬ್ರೇಕ್ ಬಂದರೂ ಇವರು ಬೆಳಿಗ್ಗೆ ಎಂದಿನಂತೆ ದಾಡಿ ಮಾಡಿ, ಶರ್ಟು ತೊಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದರು. ಬೇರೆ ಗಂಡಸರೆಲ್ಲ ಕಾರ್ಖಾನೆಯ ಭೋಂಗಾ ಕೂಗಿದ ಕೂಡಲೇ ಸೈಕಲ್ ಹತ್ತಿ ಹೋಗುತ್ತಿದ್ದರು. ನೀರಿಗೆ ಹೋಗುವ ಹೆಂಗಸರು ಕೇಳುತ್ತಿದ್ದರು, "ಕಾಯ್ ಭಾವು, ಸುಟ್ಟೀ ಕಾ?" ಏನಣ್ಣ, ರಜೆಯಾ ಅಂತ. ಪಾಪ, ಅವರ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಇವರು ಹೂಂ ಎನ್ನುತ್ತಿದ್ದರು. ಮೂರನೆಯ ಸಲವೋ ನಾಲ್ಕನೆಯ ಸಲವೋ ಕೇಳಿದ ಮೇಲೆ ಎದ್ದು ಚಪ್ಪಲಿ ಮೆಟ್ಟಿ ನಡೆದುಬಿಡುತ್ತಿದ್ದರು. ತಿರುಗಿ ಬರುವಾಗ ಬಾಯಿ ತುಂಬ ಬಡೇಸೋಪು. ಸರಾಯಿಯ ವಾಸನೆ ಅದರಿಂದ ಮುಚ್ಚುತ್ತದೆಂದು ಯಾವ ಪುಣ್ಯಾತ್ಮ ಹೇಳಿಕೊಟ್ಟಿದ್ದನೋ!

"ಮನ್ಯಾಗ ಕೂಡ್ರಾಕ ಏನ್ ಆಗ್ತದ್ರಿ ನಿಮಗ?" ಎಂದು ಒಮ್ಮೆ ಜಗಳ ತೆಗೆದೆ.

"ಹಗಲಾಗ ಗಂಡಸು ಮನ್ಯಾಗ ಕುಂತ್ರ ಗೋಡಿ ಸೈತ ನೋಡ್ತಾವ," ಎಂದರು.

ಕೆಲಸ ಶುರುವಾದರೆ ಎಣ್ಣೆಯ ವಾಸನೆ ಬರುತ್ತಿತ್ತು, ಬ್ರೇಕ್ ಬಂದರೆ ಬಡೇಸೋಪು. ಒಂದೊಂದು ಬ್ರೇಕಿಗೂ ಕುಡಿತ ಹೆಚ್ಚುತ್ತ ಹೋಯಿತು. ಕಡೆಗೆ ಕೆಲಸದ ದಿನಗಳಲ್ಲೂ ವಾರಕ್ಕೊಮ್ಮೆ ಎಣ್ಣೆಯ ಜೊತೆ ಬಡೇಸೋಪು ಸೇರತೊಡಗಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಈ ಮನುಷ್ಯ ನನ್ನ ಕೈತಪ್ಪಿ ಹೋಗುತ್ತಾನೆಂದು ಒಲೆಯ ಮುಂದೆ ಕೂತು ಅತ್ತದ್ದುಂಟು.

ಎಂಬತ್ತರ ದಶಕ ಶುರುವಾಗಿತ್ತು. ಒಂದು ದಿನ ಬೆಳಿಗ್ಗೆ, ಕಾಯಂ ಆಗುವವರಲ್ಲಿ ಇವರೂ ಇದ್ದಾರೆಂದು ಸುದ್ದಿ ಬಂತು. ಕುಣಿಯಬೇಕಿತ್ತು ನಾನು. ಕುಣಿಯುವುದು ಹಾಗಿರಲಿ, ನನಗೆ ಪಾರ್ಟಿಯ ಚಿಂತೆ ಹತ್ತಿತು. ಕಾಯಂ ಆದವನು ಜೊತೆಗಾರರಿಗೆ ಪಾರ್ಟಿ ಕೊಡಲೇಬೇಕು. ಪಾರ್ಟಿ ಎಂದರೇನೆಂದು ಚಾಳಿನ ಹೆಂಗಸರಿಗೆಲ್ಲ ಗೊತ್ತಿತ್ತು. ದೇವರೇ, ಕೊಟ್ಟ ಕೈಯಲ್ಲೇ ಕಸಿದುಕೊಳ್ಳುತ್ತೀಯಲ್ಲ ಎಂದು ದೇವರ ಫೋಟೋದ ಮುಂದೆ ಸಿಟ್ಟಿನಿಂದಲೇ ದೀಪ ಹಚ್ಚಿದೆ.

ಸಂಜೆಯ ಭೋಂಗಾ ಆಯಿತು. ಚಾಳಿನ ಗಂಡಸರೆಲ್ಲ ಬಂದರು, ಇವರಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೊರಗೆ ಗದ್ದಲ ಕೇಳಿಸಿತು. ಬಾಗಿಲು ತೆಗೆದರೆ ಮುಂದೆ ಇವರು, ಹಿಂದೆ ಐದಾರು ಸೈಕಲ್ಲು. ನಾನು ನಾಚಿಕೆ ಬಿಟ್ಟು ಅಲ್ಲೇ ಮೂಸಿದೆ. ಬರೀ ಎಣ್ಣೆ! ಅಪ್ಪಟ ಮಷೀನಿನ ಎಣ್ಣೆ!

"ಪಾರ್ಟಿಗಿ ನಡಿ ಅಂತ ಎಳದ್ರು. ಅಲ್ಲಿ ಹೋದ್ರ ನಾ ಒಂದಕ್ಕ ನಿಲ್ಲಂಗಿಲ್ಲ, ನಿನಗ ಗೊತ್ತೇ ಅದ," ಎಂದು ಇವರು ಪಿಸುಗುಟ್ಟಿದರು. "ಅದಕ್ಕ ಎಲ್ಲಾರ್ನೂ ಇಲ್ಲಿಗೇ ಕರ್ಕೊಂಡು ಬಂದೀನಿ. ನಿನ್ನ ಎದುರಿಗಿ ಕುಡಿಯೋ ಧೈರ್ಯ ನನಗಿಲ್ಲ."

ಅಷ್ಟೂ ಮಂದಿಗೆ ರೊಟ್ಟಿ ಬಡಿದೆ. ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಉಂಡರು. ಒಬ್ಬ ಮರಾಠಿಯವನು ಹಲ್ಲು ಕಿರಿದು, "ವಹಿನಿ, ಕಾಹೀ ಗರಮ್ ಆಹೇ ಕಾ?" ಎಂದ. ಅತ್ತಿಗೆ, ಬಿಸಿ ಏನಾದರೂ ಇದೆಯಾ ಅಂತ. ಅವನು ಕೇಳಿದ 'ಬಿಸಿ' ಸರಾಯಿಯೆಂದು ನನಗೇನು ತಿಳಿಯದೆ? ನಮ್ಮ ಕಡೆಯ ಚಟ್ನಿಪುಡಿ ಶೇಂಗಾ ಹಿಂಡಿಯನ್ನು ದೊಡ್ಡ ಚಮಚದ ತುಂಬ ಬಡಿಸಿದೆ. ಆ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಒಲೆಯ ಕಡೆ ತಿರುಗಿ ಕೂತಿದ್ದ ನನ್ನ ಕಣ್ಣಲ್ಲೂ ಬಂತು. ಅಷ್ಟು ಹಗುರಾಗಿತ್ತು ಜೀವ.

ಅಂದಿನಿಂದ ಹನಿಯೂ ಮುಟ್ಟಲಿಲ್ಲವೆಂದರೆ ಸುಳ್ಳಾದೀತು. ನಡುವೆ ಎರಡು ಸಲ ಎಡವಿದರು, ಎದ್ದರು. ನೌಕರಿ ಕಾಯಂ ಆದರೆ ಕುಡಿತ ಬಿಡುತ್ತದೆಂದೂ ನಾನು ಹೇಳಲಾರೆ. ಕಾಯಂ ಇದ್ದೂ ಕುಡಿದು ಹಾಳಾದವನೊಬ್ಬ ನಮ್ಮ ಚಾಳಿನಲ್ಲೇ ಇದ್ದ. ಊರಲ್ಲಿದ್ದ ಅತ್ತೆ, ಮಗ ಸುಧಾರಿಸಿದ್ದು ತಮ್ಮ ಹರಕೆಯಿಂದ ಎಂದರು. ನನ್ನ ರೊಟ್ಟಿಯಿಂದ ಎಂದು ನಾನು ಬಹಳ ದಿನ ಬೀಗಿದೆ. ಆದರೆ ಒಂದು ಮಾತ್ರ ಕಣ್ಣಾರೆ ಕಂಡೆ: ಸುಟ್ಟೀ ಕಾ ಎಂದು ಕೇಳಿದರೆ ತಲೆ ಎತ್ತಿ ಉತ್ತರ ಕೊಡಬಲ್ಲವರಾದರು.

ಈಗ ಮತ್ತೆ ಕಟ್ಟೆ, ಮತ್ತೆ ಹಗಲು, ಮತ್ತೆ ಬಡೇಸೋಪು. ನಿನ್ನೆ ನಾನು ಬಾಗಿಲಲ್ಲೇ ನಿಂತಿದ್ದಾಗ ಎದುರು ಮನೆಯ ಹುಡುಗಿ ಸ್ಕೂಟರ್ ನಿಲ್ಲಿಸಿ ಕೇಳಿಯೇಬಿಟ್ಟಳು, "ಕಾಯ್ ಕಾಕಾ, ಆಜ್ ಸುಟ್ಟೀ ಕಾ?" ನಾನು ಇವರ ಮುಖವನ್ನೇ ನೋಡಿದೆ. ಇವರು ಗಟ್ಟಿಯಾಗಿ ನಕ್ಕರು. "ಆತಾ ರೋಜಚ್ ಸುಟ್ಟೀ, ಬಾಳಾ!" ಇನ್ನು ದಿನವೂ ರಜೆಯೇ ಮಗಳೇ, ಎಂದು.

ಆಮೇಲೆ ನನ್ನ ಕಡೆ ತಿರುಗಿ, "ಯಾಕ ಹಂಗ ನೋಡ್ಲತ್ತಿ? ತಗೋ, ನಿನಗಂತ ತಂದೀನಿ," ಎಂದು ಮುಷ್ಟಿ ಬಿಚ್ಚಿದರು. ಅಂಗೈ ಮೇಲೆ ಒಂದಿಷ್ಟು ಬಡೇಸೋಪು. ಇಷ್ಟು ವರ್ಷ ಮನೆಯೊಳಗೆ ಅದನ್ನು ಸೇರಿಸದವಳು, ಎತ್ತಿ ಬಾಯಿಗೆ ಹಾಕಿಕೊಂಡೆ. ಸಿಹಿ ಇರುತ್ತದೆಂಬುದೇ ನನಗೆ ಮರೆತುಹೋಗಿತ್ತು.