ಟಾನ್ ಅಂಕಲ್ ಡಬ್ಬಿಗೆ ಒಂದು ವಿನಾಯಿತಿ

ಕಾಕಿ ಬುಕಿತ್‌ನ ನಮ್ಮ ಗೋದಾಮಿನ ಸರ್ವರ್ ತುಂಬಿಹೋಗಿತ್ತು. ಹಳೇ ಫೋಟೊಗಳನ್ನ ಅಳಿಸೋಕೆ ಸ್ಕ್ರಿಪ್ಟ್ ಬರೆದು, ಫೈಲ್ ಪಾತ್‌ನಲ್ಲಿ ಆರ್ಡರ್ ನಂಬರ್ ಇಲ್ಲದ್ದನ್ನೆಲ್ಲ ಹಿಡಿಯೋ ರೆಜೆಕ್ಸ್, ಅಂದರೆ ಹುಡುಕೋ ಸೂತ್ರ, ಹಾಕಿದೆ. ಅಳಿಸೋ ಮೊದಲು ಪಟ್ಟಿ ನೋಡಿದರೆ, ‘ಲಂಚ್’ ಅನ್ನೋ ಒಂದೇ ಫೋಲ್ಡರ್‌ನ ಫೈಲುಗಳು ಮುಗಿಯೋದೇ ಇಲ್ಲ. ತೆರೆದೆ. ದಿನಕ್ಕೆ ಎರಡು ಫೋಟೊ: ತುಂಬಿದ ಊಟದ ಡಬ್ಬಿ, ಖಾಲಿ ಡಬ್ಬಿ.

ಪ್ಯಾಕಿಂಗ್ ನೋಡಿಕೊಳ್ಳೋ ಟಾನ್ ಅಂಕಲ್‌ದು. "ಇದನ್ನ ಅಳಿಸಲಾ ಅಂಕಲ್?" ಅಂತ ಕೇಳಿದೆ.

ಅವರು ನಾಚಿಕೊಂಡರು. "ನನ್ನ ಹೆಂಡತಿಗೆ ಈಗ ಮರೆವು. ಊಟ ಕಟ್ಟಿಕೊಟ್ಟಿದ್ದು ನೆನಪಿರಲ್ಲ, ಗಂಡ ಉಪವಾಸ ಇದ್ದ ಅಂತ ಸಂಜೆ ಅಳ್ತಾಳೆ. ಫೋಟೊ ತೋರಿಸಿದರೆ ಸಮಾಧಾನ. ಒಂದೊಂದು ಸಲ ಹೋದ ತಿಂಗಳದ್ದೂ ಕೇಳ್ತಾಳೆ, ಫೋನ್‌ನಲ್ಲಿ ಜಾಗ ಇಲ್ಲ ಲಾ."

ಗೋದಾಮಿಗೆ ಬರೋ ಪ್ರತಿ ಪೆಟ್ಟಿಗೆಗೂ ಅವರು ಹಾಗೇ ಎರಡು ಫೋಟೊ ತೆಗೀತಾರೆ: ಬಂದಾಗ ಒಂದು, ಖಾಲಿ ಆದಮೇಲೆ ಒಂದು.

ಆ ಫೋಲ್ಡರ್ ಮುಟ್ಟದ ಹಾಗೆ ರೆಜೆಕ್ಸ್ ತಿದ್ದಿದೆ. ಕೋಡ್ ನೋಡಿದ ಮ್ಯಾನೇಜರ್, ಇದೊಂದನ್ನ ಯಾಕೆ ಬಿಟ್ಟಿದ್ದೀಯ ಅಂದರು.

"ಡೆಲಿವರಿ ಪ್ರೂಫ್ ಸರ್," ಅಂದೆ. "ಕಳಿಸಿದವರು ದಿನಾ ಸಂಜೆ ಕೇಳ್ತಾರೆ."