ಕುರುಗೋಡಿನ ದಾರಿಯಲ್ಲಿ ಕೇಳಿದ ಕಡಲು

ಗಾಳಿ ಸೋಕುವುದು, ದೆವ್ವ ಕರೆಯುವುದು ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ಸೈಕಲ್ ಹತ್ತಿ ಹೋದ ದಿನಾಂಕ, ಊರು, ಮೈಲಿ, ಪಂಕ್ಚರ್ ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವ ಮನುಷ್ಯ ನಾನು. ಹಾಗೆ ಬರೆದಿಡಲು ಬಾರದ್ದು ನಡೆದೇ ಇಲ್ಲ ಎಂದುಕೊಂಡಿದ್ದೆ.

ಈಗ ಕ್ರೀಟ್ ಎಂಬ ದ್ವೀಪವನ್ನು ಸೈಕಲ್ ಮೇಲೆ ಸುತ್ತಿ ಬರಲು ತಯಾರಿ ನಡೆಸಿದ್ದೇನೆ. ಅದಿರುವುದು ಮೆಡಿಟರೇನಿಯನ್ ಸಮುದ್ರದಲ್ಲಿ. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಗೆ ಬಂದವರೆಲ್ಲ ಯಾಕೆಂದು ಕೇಳುತ್ತಾರೆ. ದ್ವೀಪದಲ್ಲಿ ದಾರಿ ತಪ್ಪುವುದಿಲ್ಲ, ಕಡಲನ್ನು ಒಂದೇ ಬದಿಗೆ ಇಟ್ಟುಕೊಂಡು ತುಳಿದರೆ ಹೊರಟಲ್ಲಿಗೇ ಬರುತ್ತೇವೆ ಎನ್ನುತ್ತೇನೆ. ಬಳ್ಳಾರಿಯವನಿಗೆ ಅಲ್ಲಿಯ ಬಿಸಿಲು ಲೆಕ್ಕಕ್ಕಿಲ್ಲ ಎಂದೂ ಸೇರಿಸುತ್ತೇನೆ. "ಹಂಪಿ ಸುತ್ತಿ ಬಾ, ಟೈರ್ ಸವೆಯಾಕ ಅಷ್ಟು ಸಾಕು" ಎನ್ನುತ್ತಾರೆ ಅಪ್ಪ. ನಾನು ಹೇಳುವ ಕಾರಣಗಳೆಲ್ಲ ನಿಜ. ಆದರೆ ಮೊದಲ ಕಾರಣವನ್ನು ಯಾರಿಗೂ ಹೇಳಿಲ್ಲ.

1976ರ ಮೇ ತಿಂಗಳ ಒಂದು ಭಾನುವಾರ. ಗೆಳೆಯ ಎರ್ರಿಸ್ವಾಮಿ ಮತ್ತು ನಾನು ಸಿರುಗುಪ್ಪದಲ್ಲಿ ಅವನ ಅಕ್ಕನ ಮನೆಯಲ್ಲಿ ಉಂಡು, ಕುರುಗೋಡಿನ ಮೂಲಕ ಬಳ್ಳಾರಿಗೆ ಹೊರಟೆವು. "ಹೊತ್ತು ಇಳಿದ ಮ್ಯಾಲೆ ಹೋಗ್ರಿ, ಕೆಂಡ ಸುರಿಯಾಕತ್ತೈತಿ" ಎಂದು ಅಕ್ಕ ತಡೆದಳು. "ನಾವೇನು ಬೆಣ್ಣಿಯೇನಕ್ಕ ಕರಗಾಕ?" ಎಂದು ಎರ್ರಿ ನಕ್ಕು ಪೆಡಲ್ ಒತ್ತಿದ.

ಕುರುಗೋಡಿನ ಬಂಡೆಗುಡ್ಡ ಎದುರಿಗೆ ಕಾಣುತ್ತಿತ್ತು. ಎರಡೂ ಕಡೆ ಬಿರುಕು ಬಿಟ್ಟ ಎರೆ ಹೊಲ. ಮರವಿಲ್ಲ, ಗಾಳಿಯಿಲ್ಲ, ಆಳಿಲ್ಲ. ಆಗ ಒಂದು ಸದ್ದು ಕೇಳಿತು. ದೂರದಿಂದ ಏನೋ ಭಾರವಾದದ್ದು ಉರುಳಿ ಬಂದು ಬೀಳುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದು, ಕಲ್ಲುಹಾಸಿನ ಮೇಲೆ ಕಡಲೆ ಚೀಲ ಸುರಿದಂತೆ ಗರಗರ ಎಂದು ಹಿಂದಕ್ಕೆ ಸರಿಯುತ್ತಿತ್ತು. ಮತ್ತೆ ಉರುಳಿ ಬರುತ್ತಿತ್ತು.

"ಏನಲೇ ಅದು?" ಎಂದ ಎರ್ರಿ.

"ಲಾರಿ ಇರಬೇಕು."

"ಲಾರಿ ಹಿಂಗ ಉಸಿರಾಡತೈತೇನಲೇ?"

ಅಷ್ಟರಲ್ಲಿ ಎರ್ರಿ ಹೊಲದ ಕಡೆ ಕತ್ತು ತಿರುಗಿಸಿ, "ಬಂದೆ, ತಡಿಯಲೇ" ಎಂದ. ಬಂಡಿ ಜಾಡಿಗೆ ಸೈಕಲ್ ಇಳಿಸಿ ಹೊರಟೇಬಿಟ್ಟ.

"ಏ ಎರ್ರಿ, ನಿಂದರಲೇ!" ಎಂದು ಕೂಗಿದೆ. ಅವನು ಹಿಂತಿರುಗಿ ನೋಡಲಿಲ್ಲ. ಅವನ ಹಿಂದೆ ಹೋಗಬೇಕೆಂದರೆ ನನ್ನ ಕಾಲು ಏಳಲಿಲ್ಲ. ಅಂಥ ಭಯ ಹಿಂದೆಂದೂ ಆಗಿರಲಿಲ್ಲ.

ಸದ್ದು ಒಮ್ಮೆಲೇ ನಿಂತಿತು. ಜಾಡಿನಲ್ಲಿ ಅವನ ಸೈಕಲ್ ಬಿದ್ದಿತ್ತು, ಮುಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಅವನಿರಲಿಲ್ಲ. ಆ ಬಯಲಲ್ಲಿ ಕೋಳಿ ಅಡಗಲೂ ಜಾಗವಿರಲಿಲ್ಲ. ಹೆಸರು ಹಿಡಿದು ಕೂಗುತ್ತ ಸುತ್ತಲೂ ನೋಡಿದೆ. ಎರಡನೆಯ ಸಲ ನೋಡಿದಾಗ, ಮೊದಲು ಬರಿದಾಗಿದ್ದ ಜಾಗದಲ್ಲೇ ನನಗೆ ಬೆನ್ನು ಮಾಡಿ ನಿಂತಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪ್ಯಾಂಟು ಮೊಣಕಾಲಿನವರೆಗೆ ತೊಯ್ದು ನೀರು ಸೋರುತ್ತಿತ್ತು. ಸುತ್ತಲಿನ ನೆಲ ಮಾತ್ರ ಒಣಗಿತ್ತು. ಕಾಲುವೆಗೆ ನೀರು ಬಿಡುವುದನ್ನು ನಿಲ್ಲಿಸಿ ಎಷ್ಟೋ ದಿನವಾಗಿತ್ತು. ಹತ್ತಿರ ಹೋಗಿ ಆ ನೀರನ್ನು ಮುಟ್ಟಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು.

ಎರ್ರಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. "ನೀ ಯಾರು?" ಎಂದ.

ಅವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕುರುಗೋಡು ಮುಟ್ಟುವಷ್ಟರಲ್ಲಿ ಅವನ ಮೈ ಕಾವಲಿಯಂತೆ ಸುಡುತ್ತಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಅವನು ಉಳಿಯುತ್ತಾನೆಂಬ ನಂಬಿಕೆ ನನಗಿರಲಿಲ್ಲ. "ಎಲ್ಲಿಗೆ ಕರಕೊಂಡು ಹೋಗಿದ್ದೆಪಾ ನನ್ನ ಮಗನ್ನ?" ಎಂದು ಅವನ ತಾಯಿ ಕೇಳಿದಾಗ ಊರ ಹೆಸರು ಹೇಳಿದೆ, ಅಷ್ಟೇ. ಬಿಸಿಲು ಬಡಿದದ್ದು ಎಂದರು ವೈದ್ಯರು. ಸವಳು ನೆಲ ಅದು, ಉಪ್ಪು ಇದ್ದೇ ಇರುತ್ತದೆ ಎಂದರು ಅಪ್ಪ. ಎರ್ರಿ ಉಳಿದ. ಆದರೆ ಸೈಕಲ್ ಮುಟ್ಟಲಿಲ್ಲ, ನನ್ನನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದ.

ನಾನು ಅಲ್ಲಿಯವರೆಗೆ ಕಡಲು ಕಂಡವನಲ್ಲ. ಮರುವರ್ಷ ಮದ್ರಾಸಿಗೆ ಹೋಗಿ ದಂಡೆಯಲ್ಲಿ ಕೂತು ಕೇಳಿದೆ. ಉರುಳಿ ಬೀಳುವ ಸದ್ದು ಹೌದು, ಆ ಗರಗರ ಇರಲಿಲ್ಲ. ನಮ್ಮೂರ ಬ್ರೂಸ್‌ಪೇಟೆಯಲ್ಲಿ ಸೈಕಲ್ ಸಾಮಾನು ಮಾರುವ ಹುಸೇನ್ ಚಾಚಾ ಹರೆಯದಲ್ಲಿ ಹಡಗಿನಲ್ಲಿ ದುಡಿದವರು. ಎಲ್ಲ ಕಡಲೂ ಒಂದೇ ಥರ ಸದ್ದು ಮಾಡುತ್ತದೆಯೇ ಎಂದು ಅವರನ್ನು ಕೇಳಿದೆ.

"ನಹೀ ಬೇಟಾ," ಎಂದರು. "ಕ್ರೀಟ್ ಅಂತ ಒಂದು ದ್ವೀಪ ಐತಿ. ನಾ ನೋಡಿದ ದಂಡ್ಯಾಗ ಉಸುಕಿಲ್ಲ, ಬರೇ ಗುಂಡುಗಲ್ಲು. ಅಲೆ ಹಿಂದಕ ಹೋಗುವಾಗ ಕಲ್ಲೆಲ್ಲ ಎಳಕೊಂಡು ಹೋಗತೈತಿ. ಕಡ್ಲಿ ಚೀಲ ಸುರದಂಗ."

ಆ ಹೋಲಿಕೆಯನ್ನು ನಾನು ಯಾರ ಮುಂದೂ ಆಡಿರಲಿಲ್ಲ. ಕೈಯಲ್ಲಿದ್ದ ಟೈರನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಪ್ರವಾಸದ ಯೋಚನೆ ಹುಟ್ಟಿದ್ದು ಅಂದು. ಅಲ್ಲಿಗೆ ಹೋಗಿ, ಆ ಸದ್ದನ್ನು ಕೇಳಿ, ಅದು ಬರೀ ಕಲ್ಲು ನೀರಿನದು ಎಂದು ಎರ್ರಿಗೆ ಹೇಳಿದರೆ ಅವನು ಮತ್ತೆ ನನ್ನ ಜೊತೆ ಮಾತಾಡಿಯಾನು ಎಂಬ ಆಸೆ. ಕಳೆದ ವಾರ ಅವನ ಮನೆಯ ಬಾಗಿಲಲ್ಲೇ ನಿಂತು ಇದನ್ನು ಹೇಳಿದೆ. ಈ ಸಲ ಅವನು ಒಳಗೆ ಹೋಗಲಿಲ್ಲ.

"ಹೋಗು. ಆದ್ರ ಅಲ್ಲಿ ಕರದ್ರ ಓಗೊಡಬ್ಯಾಡ."

"ಯಾರು ಕರೀತಾರಲೇ?"

"ಅವತ್ತು ಹೊಲದಾಗ ನಿಂತು ಕರದಾಂವ ನೀನ ಅಲ್ಲೇನಲೇ?" ಎಂದ ಎರ್ರಿ, ನೆಲ ನೋಡುತ್ತ. "ನಿನ್ನ ದನಿ, ನಿನ್ನ ಮಾರಿ. ಮೊಣಕಾಲುದ್ದ ನೀರಾಗ ನಿಂತು ನಗತಿದ್ದಿ. ರಸ್ತಾದಾಗ ಇದ್ದಾಂವ ಯಾರು ಅನ್ನೋದು ನನಗ ಇವತ್ತಿಗೂ ತಿಳಿದಿಲ್ಲ."

ಪಾಸ್‌ಪೋರ್ಟಿಗೆ ಬರೆದಿದ್ದೇನೆ, ಸೈಕಲ್ಲಿಗೆ ಹೊಸ ಚೈನು ಹಾಕಿಸಿದ್ದೇನೆ. ಹೋಗುತ್ತೇನೆ. ಆ ದಂಡೆಯಲ್ಲಿ ನನಗಿರುವ ಭಯ ಅಲೆಯ ಸದ್ದಿನದಲ್ಲ. ನೀರಿನೊಳಗಿಂದ ಎರ್ರಿಯ ದನಿ ನನ್ನ ಹೆಸರು ಹಿಡಿದು ಕರೆದರೆ, ಓಗೊಡದೆ ಇರಬಲ್ಲೆನೇ ಎಂಬುದು.